ಕೊಡದ ಮುಖ

ಮುನಿಯೊಬ್ಬರು ಊರಿನ ಬೀದಿಯಲ್ಲಿ ನಡೆದುಹೋದರೆ ಅದು ಕಳವಾಗುತ್ತದೆಯೆ? ಕೇಳಿದವರಿಗೆ ನಗು ಬರುವಂಥ ಪ್ರಶ್ನೆ. ಜೈನಾಚಾರ್ಯ ಪೂಜ್ಯಪಾದರು ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಇದನ್ನು ನಗದೆ ಕೈಗೆತ್ತಿಕೊಂಡರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಕಳವಿಗೆ ಹೇಳುವ ಲಕ್ಷಣ ತೀರ ಗಿಡ್ಡ. ಕೊಡದೆ ಇದ್ದದ್ದನ್ನು ತೆಗೆದುಕೊಂಡರೆ ಆಯಿತು, ಬೀಗ ಮುರಿಯಬೇಕೆಂದಿಲ್ಲ, ಅಮಾವಾಸ್ಯೆಯ ಕತ್ತಲೆ ಬೇಕೆಂದಿಲ್ಲ. ಹಾಗಿದ್ದರೆ ಮುನಿಗೆ ಬೀದಿಯನ್ನು ಕೊಟ್ಟವರು ಯಾರು? ಊರಬಾಗಿಲನ್ನು ಧಾರೆ ಎರೆದವರು ಯಾರು? ಸರ್ವಾರ್ಥಸಿದ್ಧಿ ಎಂಬ ತಮ್ಮ ವ್ಯಾಖ್ಯಾನದಲ್ಲಿ ಪೂಜ್ಯಪಾದರು ಎದುರುವಾದಿಯ ಬಾಯಲ್ಲಿ ಈ ಆಕ್ಷೇಪ ಇಟ್ಟು ಸಮಾಧಾನ ಹೇಳುತ್ತಾರೆ. ಬೀದಿ ಎಲ್ಲರಿಗೂ ಬಿಟ್ಟದ್ದು. ಮುಚ್ಚಿದ ಬಾಗಿಲು ಹಾಗಲ್ಲ, ಅದರೊಳಕ್ಕೆ ಮುನಿ ಕಾಲಿಡುವುದೂ ಇಲ್ಲ.

ಪೂಜ್ಯಪಾದರು ತಪಸ್ಸು ಮಾಡಿದ ಜಾಗವೆಂದು ನಮ್ಮ ಜೈನರು ನಂಬುವ ಕನಕಗಿರಿ ಇರುವುದು ಚಾಮರಾಜನಗರ ಜಿಲ್ಲೆಯ ಮಲೆಯೂರಿನಲ್ಲಿ, ನನ್ನ ತಾಯಿಯ ತವರಿಗೆ ಹತ್ತಿರ. ಚಿಕ್ಕಂದಿನಲ್ಲಿ ಆ ಬೆಟ್ಟ ಹತ್ತಿದ್ದೇನೆ. ಅವರ ಗ್ರಂಥ ಓದಿದ್ದು ಮಾತ್ರ ನಿವೃತ್ತನಾದ ಮೇಲೆ, ಮೈಸೂರಿನಲ್ಲಿ, ಬಸದಿಯ ಸ್ವಾಧ್ಯಾಯಕ್ಕೆ ಹೋಗತೊಡಗಿದಾಗ. ಬೀದಿಯ ಈ ಮಾತಿಗೆ ಬಂದಾಗ ಉಳಿದವರೆಲ್ಲ ಮುಂದಿನ ಸೂತ್ರಕ್ಕೆ ಹೋದರು, ನಾನು ಅಲ್ಲೇ ಸಿಕ್ಕಿಕೊಂಡೆ. ಗುರುತು ಪರಿಚಯ ಇಲ್ಲದವರ ಫೋಟೊ ತೆಗೆಯುವುದು ನನ್ನ ಈಗಿನ ಕಸುಬು, ಕಾಸು ಹುಟ್ಟದ ಕಸುಬು. ಬೆಳಿಗ್ಗೆ ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ, ಅಶೋಕ ರಸ್ತೆ ಸುತ್ತಿ ಬರುತ್ತೇನೆ. ಬೀದಿ ಎಲ್ಲರಿಗೂ ಬಿಟ್ಟದ್ದು, ಒಪ್ಪಿದೆ. ಬೀದಿಯಲ್ಲಿ ಎದುರಾಗುವವರ ಮುಖ?

ಇದಕ್ಕೆ ಇನ್ನೊಂದು ಗಂಟು ಸೇರಿಕೊಂಡಿದೆ. ನಾನು ತೆಗೆಯುವುದು ಅವಧಿ ಮುಗಿದ ಫಿಲಂನಲ್ಲಿ. ಉದ್ಯೋಗದಲ್ಲಿದ್ದಷ್ಟು ಕಾಲವೂ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದವನು, ಕೆಂಪು ದೀಪದ ಕೆಳಗೆ ಡೆವಲಪರ್ ಮತ್ತು ಹೈಪೋ ವಾಸನೆಯಲ್ಲೇ ಬಾಳಿದವನು. ಹಳೆಯ ಹೈಪೋ ನೀರನ್ನೂ ಬೇಡವಾದ ಪ್ಲೇಟುಗಳನ್ನೂ ಕೊಳ್ಳಲು ಬರುವವರಿದ್ದರು, ಅದರಲ್ಲಿ ಬೆಳ್ಳಿ ಸಿಗುತ್ತದೆ. ಆಮೇಲೆ ಕಂಪ್ಯೂಟರ್ ಬಂತು, ಡಾರ್ಕ್ ರೂಮು ಪೊರಕೆ ಬಕೆಟ್ಟು ಇಡುವ ಕೋಣೆಯಾಯಿತು. ಅದೇ ಸುಮಾರಿಗೆ ಸ್ಟುಡಿಯೊ ಮುಚ್ಚಿದ ಗೆಳೆಯರೊಬ್ಬರು ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮನೆಯಲ್ಲಿಟ್ಟರು. ಕೊಡಕ್, ಇಲ್‌ಫರ್ಡ್, ಪೂರ್ವ ಜರ್ಮನಿಯ ಓರ್ವೊ, ಜೊತೆಗೆ ನಮ್ಮ ಇಂದು ಫಿಲಂ. 1960ರಲ್ಲಿ ಊಟಿಯಲ್ಲಿ ಶುರುವಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಮಾಲು ಅದು. ಬಂಡೀಪುರ ದಾಟಿ ಹೋದರೆ ಸಿಗುವ ಊರಲ್ಲಿ ಫಿಲಂ ತಯಾರಾಗುತ್ತಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಡಬ್ಬಿಗಳ ಮೇಲಿದ್ದ ತಾರೀಖುಗಳೆಲ್ಲ ಎಂದೋ ಕಳೆದಿದ್ದವು. ಪೆಟ್ಟಿಗೆಯಾದರೂ ಅವರು ಕೈಯಾರೆ ಕೊಟ್ಟದ್ದು, ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಪೆಟ್ಟಿಗೆಯೊಳಗಿನ ವಸ್ತುವಿನಲ್ಲಿ. ಫಿಲಂ ಎಂದರೆ ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲೆ ಜೆಲಟಿನ್ ಲೇಪ, ಆ ಲೇಪದೊಳಗೆ ಸಿಲ್ವರ್ ಬ್ರೋಮೈಡಿನ ಹರಳುಗಳು. ಜೆಲಟಿನ್ ಬರುವುದು ದನಗಳ ಮೂಳೆ ಚರ್ಮದಿಂದ. 1920ರ ದಶಕದಲ್ಲಿ ಕೊಡಕ್ ಕಂಪನಿಯ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡುಹಿಡಿದರು. ಒಂದು ಕಂತಿನ ಜೆಲಟಿನ್‌ನಿಂದ ಚುರುಕಾದ ಫಿಲಂ ಬರುತ್ತಿತ್ತು, ಇನ್ನೊಂದರಿಂದ ಮಂದವಾದದ್ದು. ಕಾರಣ ಹುಡುಕಿದರೆ ಗಂಧಕ. ದನ ಮೇಯ್ದ ಸಾಸಿವೆ ಜಾತಿಯ ಗಿಡಗಳ ಗಂಧಕದ ಅಂಶ ಅದರ ಮೈ ಸೇರಿ, ಜೆಲಟಿನ್‌ನಲ್ಲಿ ಉಳಿದು, ಹರಳುಗಳಿಗೆ ಬೆಳಕಿನ ಸೂಕ್ಷ್ಮ ಕೊಡುತ್ತಿತ್ತು. ಎಲ್ಲೋ ಒಂದು ಹಸು ಏನು ಮೇಯ್ದಿತ್ತು ಎಂಬುದರ ಮೇಲೆ ಯಾರದೋ ಮದುವೆಯ ಫೋಟೊ ನಿಂತಿತ್ತು.

ನಮ್ಮ ಮನೆಯಲ್ಲಿ ಜೇನುತುಪ್ಪ ಹೊಸಿಲು ದಾಟಲಿಲ್ಲ, ಆಲೂಗಡ್ಡೆ ದಾಟಲಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಊಟ ಇರಲಿಲ್ಲ. ಆದರೆ ಅಜ್ಜನ ಫೋಟೊ ನಡುಮನೆಯಲ್ಲಿ ಕನ್ನಡಿ ಕಟ್ಟಿಸಿಕೊಂಡು, ಗಂಧದ ಹಾರ ಹಾಕಿಸಿಕೊಂಡು ಕೂತಿತ್ತು. ಪಕ್ಕದಲ್ಲೇ ಶ್ರವಣಬೆಳಗೊಳದ ಬಾಹುಬಲಿ. ಎರಡೂ ಜೆಲಟಿನ್ ಪ್ರಿಂಟುಗಳೇ. ಅಜ್ಜಿಗೆ ಇದು ಗೊತ್ತಿರಲಿಲ್ಲ, ನನಗೆ ಗೊತ್ತಾದ ಮೇಲೂ ಹೇಳಲಿಲ್ಲ.

ಅವಧಿ ಮುಗಿದ ಫಿಲಂ ಬಳಸುವುದಕ್ಕೆ ನಾನು ಮೊದಲು ಕೊಟ್ಟುಕೊಂಡ ಸಮರ್ಥನೆ ಇಲ್ಲಿಂದಲೇ ಬಂದದ್ದು. ಹಸು ಎಂದೋ ಸತ್ತಿದೆ, ಫಿಲಂ ಎಂದೋ ತಯಾರಾಗಿದೆ, ಮಾರಾಟವಾಗದೆ ಕಸಕ್ಕೆ ಹೋಗುವುದಿತ್ತು. ನಾನು ಉಪಯೋಗಿಸಿದರೆ ಹೊಸದಾಗಿ ಒಂದು ಜೀವವೂ ಹೋಗುವುದಿಲ್ಲ. ಬೌದ್ಧ ಭಿಕ್ಷುಗಳಿಗೆ ಇದ್ದ ಅನುಮತಿಯ ನೆನಪಾಗುತ್ತದೆ: ತನಗಾಗಿ ಕೊಂದದ್ದೆಂದು ಕಾಣದೆ, ಕೇಳದೆ, ಅನುಮಾನವೂ ಬಾರದೆ ಇದ್ದರೆ ಭಿಕ್ಷೆಗೆ ಬಿದ್ದ ಮಾಂಸ ತಿನ್ನಬಹುದು. ನಮ್ಮವರು ಈ ವಾದವನ್ನು ಒಪ್ಪಲಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು, ಮೂರರಿಂದಲೂ ಪಾಪ ಒಳಬರುತ್ತದೆ ಎನ್ನುತ್ತದೆ ನಮ್ಮ ಶಾಸ್ತ್ರ. ಮೊದಲೆರಡನ್ನು ನಾನು ಹೇಗೋ ತಪ್ಪಿಸಿಕೊಳ್ಳುತ್ತೇನೆ. ನೆಗೆಟಿವ್ ಬೆಳಕಿಗೆ ಹಿಡಿದು ಆಹಾ ಎನ್ನುವಾಗ ಮೂರನೆಯದು ಏನಾಯಿತು? ಸಾಲದ್ದಕ್ಕೆ ಈಗ ಅವಧಿ ಮುಗಿದ ಫಿಲಂಗೂ ಒಂದು ಪೇಟೆ ಹುಟ್ಟಿದೆ, ಹಳೆಯ ರೋಲುಗಳನ್ನು ಹುಡುಕಿಕೊಂಡು ಹೋಗಿ ಹೆಚ್ಚಿನ ಬೆಲೆ ಕೊಡುವವರಿದ್ದಾರೆ. ಹಾಗಾಗಿ ಅದು ಕಸ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಈ ಲೆಕ್ಕವನ್ನು ನಾನು ಮುಗಿಸಿಲ್ಲ, ಬದಿಗಿಟ್ಟಿದ್ದೇನೆ.

ಮುಖದ ವಿಷಯಕ್ಕೆ ಬರುತ್ತೇನೆ. ಮಾರುಕಟ್ಟೆಯಲ್ಲಿ ವೀಳ್ಯದೆಲೆ ಮಾರುವವರ ಸಾಲಿದೆ. ಎಲೆಗೆ ನೀರು ಚಿಮುಕಿಸಿ, ಒಂದರ ಮೇಲೊಂದು ಜೋಡಿಸುತ್ತಾ ಕೂತಿದ್ದವರೊಬ್ಬರ ಫೋಟೊ ತೆಗೆದೆ. ಶಟರ್ ಸದ್ದಿಗೆ ತಲೆಯೆತ್ತಿದರು.

‘ಏನ್ ಬುದ್ಧಿ, ಪೇಪರ್‌ಗಾ?’

‘ಇಲ್ಲಪ್ಪ.’

‘ಮತ್ತಿನ್ಯಾತಕ್ಕೆ?’

‘ಸುಮ್ನೆ.’

‘ಸುಮ್ಕೆ ಯಾರಾದ್ರೂ ತೆಗೀತಾರಾ? ಎಲ್ಲಿ, ತೋರ್ಸಿ ಮತ್ತೆ.’

ನನ್ನದು ಪೆಂಟಾಕ್ಸ್ ಕೆ1000. ತಿರುಗಿಸಿ ತೋರಿಸಿದರೆ ಹಿಂದೆ ಬರೀ ಕಪ್ಪು ಬಾಗಿಲು. ಇದರಲ್ಲಿ ಈಗಲೇ ಕಾಣುವುದಿಲ್ಲ, ತೊಳೆದ ಮೇಲೆ ಬರುತ್ತದೆ, ಫಿಲಂ ಹಳೆಯದು, ಬರದೆಯೂ ಇರಬಹುದು ಎಂದೆ. ಅವರು ಪಕ್ಕದವರನ್ನು ನೋಡಿ ನಕ್ಕು ಎಲೆ ಎಣಿಸಲು ಕೂತರು. ನಗೆಯಲ್ಲಿ ಬೇಸರವಿರಲಿಲ್ಲ. ಆದರೆ ಫಿಲಂ ಅವರಿಂದ ಏನನ್ನು ಕಸಿಯಿತು ಎಂಬುದು ನನಗೆ ಅಲ್ಲೇ ಹೊಳೆಯಿತು. ಮೊಬೈಲಾಗಿದ್ದರೆ ನೋಡಿ, ಚೆನ್ನಾಗಿದೆ ಎನ್ನಬಹುದಿತ್ತು, ಅಳಿಸು ಎನ್ನಬಹುದಿತ್ತು. ತೆಗೆದ ಮೇಲಾದರೂ ಕೊಡುವ ಅಥವಾ ಕೊಡದಿರುವ ಒಂದು ಅವಕಾಶ ಅವರ ಕೈಯಲ್ಲಿ ಉಳಿಯುತ್ತಿತ್ತು. ಫಿಲಂ ಅದನ್ನೂ ಉಳಿಸುವುದಿಲ್ಲ.

ಹಾಗಾದರೆ ಮೊದಲೇ ಕೇಳಿಬಿಡಬಾರದೆ? ಹಲವು ಸಲ ಕೇಳಿದ್ದೇನೆ. ಕೇಳಿದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ, ಗಂಡಸರು ಆಧಾರ್ ಕಾರ್ಡಿನ ಮುಖ ಹಾಕಿಕೊಳ್ಳುತ್ತಾರೆ. ಅದೂ ಒಂದು ಮುಖವೇ, ಅದನ್ನು ತುಚ್ಛ ಮಾಡುತ್ತಿಲ್ಲ. ಸ್ಟುಡಿಯೊದವರು ಅದರಿಂದಲೇ ಬದುಕಿದರು. ನನಗೆ ಬೇಕಿದ್ದದ್ದು ಎಲೆ ಜೋಡಿಸುತ್ತಾ ತನ್ನನ್ನು ಮರೆತಿದ್ದ ಮುಖ, ಮತ್ತು ಅದನ್ನು ಯಾರೂ ಕೊಡಲಾರರು. ಕೊಡಲು ಹೊರಟ ಗಳಿಗೆಯಲ್ಲೇ ಅದು ಅಲ್ಲಿಲ್ಲ.

ಇಲ್ಲಿ ಪೂಜ್ಯಪಾದರ ಇನ್ನೊಂದು ಮಾತು ನನಗೆ ಅನುಕೂಲವಾಗಿ ಒದಗಿಬರುತ್ತದೆ. ಜೀವ ಕ್ಷಣಕ್ಷಣವೂ ಕರ್ಮದ ಕಣಗಳನ್ನು ತೆಗೆದುಕೊಳ್ಳುತ್ತಿದೆ, ಅವನ್ನು ಯಾರೂ ಕೊಟ್ಟಿಲ್ಲ, ಹಾಗಾದರೆ ಅದೂ ಕಳವಾಗಬೇಕಲ್ಲ ಎಂದು ಎದುರುವಾದಿ ಕೇಳುತ್ತಾನೆ. ಕೊಡುವುದು ತೆಗೆದುಕೊಳ್ಳುವುದು ಎಲ್ಲಿ ಸಾಧ್ಯವೋ ಅಲ್ಲಿ ಮಾತ್ರ ಕಳವಿನ ಮಾತು ಬರುತ್ತದೆ, ಬೇರೆ ಕಡೆ ಇಲ್ಲ ಎಂಬುದು ಉತ್ತರ. ಮೈಮರೆತ ಮುಖವನ್ನು ಕೊಡುವುದು ಸಾಧ್ಯವೇ ಇಲ್ಲ ಎಂದಾದರೆ ಅದನ್ನು ತೆಗೆದುಕೊಳ್ಳುವುದು ಕಳವೇ ಅಲ್ಲ. ವಕೀಲರಿಗೆ ಇಷ್ಟು ಸಾಕು. ನನ್ನನ್ನು ಇಷ್ಟು ಸಲೀಸಾಗಿ ಬಿಡುಗಡೆ ಮಾಡುವ ವಾದವನ್ನು ಮಾತ್ರ ನಾನು ನಂಬಲಾರೆ. ಎಲೆ ಮಾರುವವರಿಗೆ ಆ ಮುಖ ಕೊಡಲು ಆಗದಿರಬಹುದು, ಬೇಡ ಎನ್ನಲು ಆಗುತ್ತದಲ್ಲ. ಬೇಡ ಎನ್ನಬಹುದಾದ ವಸ್ತುವಿನಲ್ಲಿ ಕೊಡುಕೊಳ್ಳುವ ವ್ಯವಹಾರ ಆಗಲೇ ಶುರುವಾಗಿದೆ.

ಹಾಗೆ ಬೇಡ ಎಂದವರೊಬ್ಬರ ಕಥೆ ನ್ಯೂಯಾರ್ಕಿನ ನ್ಯಾಯಾಲಯದ ದಾಖಲೆಯಲ್ಲಿದೆ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಎಂಬ ಛಾಯಾಗ್ರಾಹಕರು 1999ರಿಂದ 2001ರವರೆಗೆ ಟೈಮ್ಸ್ ಸ್ಕ್ವೇರ್‌ನಲ್ಲಿ ಫ್ಲಾಷ್ ದೀಪಗಳನ್ನು ಮೇಲೆ ಕಟ್ಟಿ, ದೂರದಲ್ಲಿ ನಿಂತು, ಹಾದುಹೋಗುವವರ ತಲೆಗಳನ್ನು ಅವರಿಗೆ ತಿಳಿಯದಂತೆ ಸೆರೆಹಿಡಿದರು. ಅವರಲ್ಲೊಬ್ಬರು ಬಿಳಿಗಡ್ಡದ, ಕರಿ ಟೋಪಿಯ ಸಂಪ್ರದಾಯಸ್ಥ ಯಹೂದಿ. ತಮ್ಮ ಚಿತ್ರ ಗ್ಯಾಲರಿಯಲ್ಲಿ ತೂಗಿ, ಪುಸ್ತಕದಲ್ಲಿ ಅಚ್ಚಾಗಿ, ಸಾವಿರಾರು ಡಾಲರಿಗೆ ಮಾರಾಟವಾದದ್ದು ಅವರಿಗೆ ವರ್ಷಗಳ ನಂತರ ತಿಳಿಯಿತು. ವಿಗ್ರಹ ಮಾಡಬಾರದೆಂಬ ತಮ್ಮ ಧರ್ಮದ ಆಜ್ಞೆಗೆ ಇದು ವಿರುದ್ಧವೆಂದು ದಾವೆ ಹೂಡಿದರು. ಇದು ಕಲೆ, ವ್ಯಾಪಾರದ ಜಾಹೀರಾತಲ್ಲ ಎಂದು ನ್ಯಾಯಾಲಯ 2006ರಲ್ಲಿ ಅದನ್ನು ವಜಾ ಮಾಡಿತು. ತೀರ್ಪು ಕಾನೂನಿನ ಮಟ್ಟಿಗೆ ಸರಿಯೇ ಇರಬಹುದು. ಆದರೆ ಆ ವೃದ್ಧರ ದೃಷ್ಟಿಯಲ್ಲಿ ಅವರ ಮುಖ ಅವರದೂ ಆಗಿರಲಿಲ್ಲ, ಬೇರೆಯವರಿಗೆ ಕೊಡುವ ಹಕ್ಕು ಅವರಿಗೇ ಇರಲಿಲ್ಲ. ನ್ಯಾಯಾಲಯಕ್ಕೆ ಈ ಪ್ರಶ್ನೆಯನ್ನು ಹಿಡಿಯಲು ಕೈಯಿಲ್ಲ.

ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತಲ್ಲ, ಆ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಮನುಷ್ಯ ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟಂತಲ್ಲ ಎಂಬ ಅಭಿಪ್ರಾಯ ಆ ತೀರ್ಪಿನಲ್ಲಿದೆ. ಬೀದಿ ತೆರೆದದ್ದು ನಿಜ, ಆದರೆ ಅಲ್ಲಿ ನಡೆಯುವ ಪ್ರತಿಯೊಬ್ಬನೂ ತನ್ನ ಬಾಗಿಲನ್ನು ಜೊತೆಗೇ ಹೊತ್ತು ನಡೆಯುತ್ತಾನೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಆ ಬಾಗಿಲನ್ನೂ ಬಿಟ್ಟವರು ಇದ್ದಾರೆ. ದಿಗಂಬರ ಮುನಿಗಳು ವಿಹಾರ ಮಾಡುವಾಗ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಮೊಬೈಲ್ ಎತ್ತುವವರನ್ನು ನೋಡಿದ್ದೇನೆ. ಕೆಲವರಿಗೆ ಭಕ್ತಿ, ಕೆಲವರಿಗೆ ಕುತೂಹಲ, ಕೆಲವರಿಗೆ ಕುಚೋದ್ಯ. ಮುನಿಗಳ ಹೆಜ್ಜೆ ಬದಲಾಗುವುದಿಲ್ಲ. ಪಿಂಛ, ಕಮಂಡಲು, ಶಾಸ್ತ್ರ ಬಿಟ್ಟರೆ ಅವರ ಬಳಿ ಏನೂ ಇಲ್ಲ. ದೇಹವೇ ತಮ್ಮದಲ್ಲ ಎಂದವರ ಚಿತ್ರವನ್ನು ಯಾರಿಂದ ಕದಿಯುವುದು? ಆದರೂ ಕುಚೋದ್ಯಕ್ಕೆ ತೆಗೆದವನು ಏನೋ ಕದ್ದಿದ್ದಾನೆ ಎಂದು ನೋಡಿದವರಿಗೆಲ್ಲ ಅನ್ನಿಸುತ್ತದೆ. ಕಳೆದುಕೊಂಡವರು ಯಾರೂ ಇಲ್ಲದೆಯೂ ಕಳ್ಳ ಇರಬಹುದು. ಹಾಗಾಗಿಯೇ ಪೂಜ್ಯಪಾದರು ಕೊನೆಗೆ ಬೀದಿ ಬಾಗಿಲುಗಳ ಮಾತು ಬಿಟ್ಟು ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿಗೆ, ಬಂದು ನಿಲ್ಲುತ್ತಾರೆ. ತೆಗೆದುಕೊಳ್ಳುವವನ ಮನಸ್ಸು ಕಷಾಯದಿಂದ, ಅಂದರೆ ಲೋಭದಂಥ ವಿಕಾರಗಳಿಂದ, ಕಲಕಿದ್ದರೆ ಅದು ಕಳವು. ವಸ್ತುವಿನ ಕಡೆಯಿಂದ ಎಷ್ಟು ಅಳೆದರೂ ಮುಗಿಯದ ಲೆಕ್ಕ ಇದು.

ಅವಧಿ ಮುಗಿದ ಫಿಲಂ ಏನು ಮಾಡುತ್ತದೆ ಎಂಬುದನ್ನೂ ತೆಗೆದುಕೊಳ್ಳುವವನ ಕಡೆಯಿಂದಲೇ ನೋಡಬೇಕು. ಕಾಲ ಕಳೆದಂತೆ ಹರಳುಗಳು ಮಂದವಾಗುತ್ತವೆ. ಹತ್ತು ವರ್ಷ ಹಳೆಯದಾದರೆ ಒಂದು ಸ್ಟಾಪು ಬೆಳಕು ಜಾಸ್ತಿ ಕೊಡು ಎಂಬುದು ಬಳಸುವವರ ಅಂದಾಜು. ಜೊತೆಗೆ ಸೆಕೆ ಮತ್ತು ವಾತಾವರಣದಲ್ಲಿ ಸದಾ ಇರುವ ವಿಕಿರಣ ತಾಗಿ, ಬೆಳಕನ್ನೇ ಕಾಣದ ಹರಳುಗಳೂ ಡೆವಲಪರ್‌ಗೆ ಬಿದ್ದ ಕೂಡಲೇ ಕಪ್ಪಾಗುತ್ತವೆ. ನಾವು ಇದನ್ನು ಫಾಗ್ ಎನ್ನುತ್ತಿದ್ದೆವು; ಎಕ್ಸ್‌ರೇಯಲ್ಲಿ ಇದು ಬಂದರೆ ಡಾಕ್ಟರು ಪ್ಲೇಟು ವಾಪಸು ಕಳಿಸುತ್ತಿದ್ದರು. ವೇಗದ ಫಿಲಂಗೆ ಇದು ಬೇಗ ಹಿಡಿಯುತ್ತದೆ, ನಿಧಾನದ್ದು ಬಹಳ ಕಾಲ ತಡೆಯುತ್ತದೆ. ಎಲೆಯವರ ಮುಖ ಈ ಮಬ್ಬಿನಲ್ಲಿ ಅರ್ಧ ಮುಳುಗಿಯೇ ಬಂತು. ಗುರುತೇ ಸಿಗದ ಮೇಲೆ ಯಾರ ಖಾಸಗಿತನಕ್ಕೆ ಏನು ತೊಂದರೆ ಎಂದು ಪೆಟ್ಟಿಗೆ ಕೊಟ್ಟ ಗೆಳೆಯರು ಕೇಳಿದರು. ನಾನು ಒಪ್ಪಲಿಲ್ಲ. ಕದ್ದದ್ದು ದಾರಿಯಲ್ಲಿ ಹಾಳಾಯಿತೆಂದು ಕಳವಿನ ತೂಕ ಇಳಿಯುವುದಿಲ್ಲ.

ಆದರೆ ಇನ್ನೊಂದು ರೀತಿಯಲ್ಲಿ ಅದು ಇಳಿಯುತ್ತದೇನೋ. ಬೆಳಕು ಹರಳಿಗೆ ತಾಗಿದಾಗ ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ನಾಲ್ಕಾರು ಬೆಳ್ಳಿಯ ಪರಮಾಣುಗಳು ಹರಳಿನ ಒಂದು ಮೂಲೆಯಲ್ಲಿ ಗುಂಪುಗೂಡುತ್ತವೆ, ಅಷ್ಟೆ. ರೋಲು ವರ್ಷಗಟ್ಟಲೆ ಹಾಗೆಯೇ ಬಿದ್ದಿರಬಹುದು. ಡೆವಲಪರ್ ಸೋಕಿದಾಗ ಆ ಚುಕ್ಕೆಯಿಂದ ಶುರುವಾಗಿ ಇಡೀ ಹರಳು ಬೆಳ್ಳಿಯಾಗುತ್ತದೆ. ನಮ್ಮ ಕರ್ಮಸಿದ್ಧಾಂತ ಓದಿದವರಿಗೆ ಈ ನಡೆ ಪರಿಚಿತ. ಅಲ್ಲಿ ಕರ್ಮವೆಂದರೆ ಬರೀ ಪುಣ್ಯಪಾಪದ ಮಾತಲ್ಲ, ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ, ಪದಾರ್ಥ. ಅಂಟಿದ ಮೇಲೆ ಕೆಲಕಾಲ ಅದು ಸುಮ್ಮನಿರುತ್ತದೆ, ಅದಕ್ಕೆ ಅಬಾಧಾಕಾಲ ಎನ್ನುತ್ತಾರೆ; ಆಮೇಲೆ ಉದಯ. ಅದಕ್ಕೂ ಒಂದು ಸ್ಥಿತಿ, ಅಂದರೆ ಅವಧಿ ಇದೆ. ಹೋಲಿಕೆ ಒಂದು ಜಾಗದಲ್ಲಿ ಮುರಿಯುತ್ತದೆ: ಫಿಲಂ ಬೀರುವಿನಲ್ಲಿ ಬಿದ್ದಲ್ಲೇ ಫಾಗ್ ಆಗುತ್ತದೆ, ಜೀವಕ್ಕಾದರೋ ತನ್ನ ಮನೋವಚನಕಾಯಗಳ ಚಲನೆಯಿಲ್ಲದೆ ಏನೂ ಅಂಟುವುದಿಲ್ಲ. ನನಗೆ ಬೇಕಾದದ್ದು ಈ ಮುರಿದ ಜಾಗವೇ. ಶಾಸ್ತ್ರದ ಪ್ರಕಾರ ಕಣಗಳನ್ನು ಒಳಕ್ಕೆ ಎಳೆಯುವುದು ಯೋಗ, ಅಂದರೆ ಕ್ರಿಯೆ. ಅವು ಎಷ್ಟು ಕಾಲ, ಎಷ್ಟು ಬಿಗಿಯಾಗಿ ಅಂಟಿರುತ್ತವೆ ಎಂಬುದನ್ನು ತೀರ್ಮಾನಿಸುವುದು ಕಷಾಯ. ಶಟರ್ ಒತ್ತುವುದು ಕ್ರಿಯೆ, ಅದು ಹೊಸ ಫಿಲಂಗೂ ಹಳೆಯದಕ್ಕೂ ಒಂದೇ. ಕಷಾಯ ಒಂದೇ ಅಲ್ಲ. ಹೊಸ ಫಿಲಂ ಹಾಕಿದ ದಿನ ಒಳ್ಳೆಯ ಮುಖ ಸಿಕ್ಕಿತೆಂದರೆ ನನ್ನ ನಡಿಗೆಯೇ ಬೇರೆ; ಅದು ಚೀಲದಲ್ಲಿದೆ, ನನ್ನದು ಎಂಬ ಲೋಭ ಮನೆಯವರೆಗೂ ಬೆಚ್ಚಗಿರುತ್ತದೆ. ಹಳೆಯ ರೋಲು ಇದ್ದರೆ ಆ ಮಾತು ಹೇಳಿಕೊಳ್ಳಲು ಆಗುವುದಿಲ್ಲ. ಏನೋ ನೋಡಿದೆ, ನೋಡಿದ್ದು ಮಾತ್ರ ಖಾತ್ರಿ. ಎದುರಿನವರಿಗೆ ಇದರಿಂದ ಯಾವ ಉಪಕಾರವೂ ಇಲ್ಲ, ಉಪಕಾರವಿದ್ದರೆ ಅದು ನನಗೆ.

ಅದೂ ಎಚ್ಚರ ತಪ್ಪಿದರೆ ಕೈಕೊಡುತ್ತದೆ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೊಗ್ರಾಂಡ್ ತೆಗೆದ ರೋಲುಗಳನ್ನು ಬೇಕೆಂದೇ ಬಹುಕಾಲ ತೊಳೆಯದೆ ಇಡುತ್ತಿದ್ದರು, ತೆಗೆದ ಗಳಿಗೆಯ ಉಮೇದು ಮರೆತುಹೋಗಲಿ, ಚಿತ್ರವನ್ನು ಚಿತ್ರವಾಗಿ ನೋಡೋಣ ಎಂದು. ಕೇಳಲು ವೈರಾಗ್ಯದಂತಿದೆ. 1984ರಲ್ಲಿ ಅವರು ತೀರಿಕೊಂಡಾಗ ತೊಳೆಯದ ರೋಲುಗಳೇ ಸುಮಾರು 2,500 ಉಳಿದಿದ್ದವು. ಫಲವನ್ನು ನೋಡುವ ಆಸೆಯನ್ನೂ ಬಿಟ್ಟವನೆ, ಅಥವಾ ಬೆರಳಿನ ಚಟಕ್ಕೆ ಫಲವೂ ಬೇಡವಾಯಿತೆ? ಪರಿಗ್ರಹವೆಂದರೆ ವಸ್ತುವಲ್ಲ, ಅದರ ಮೇಲಿನ ಮೂರ್ಛೆ, ಅಂದರೆ ಮೋಹ, ಎನ್ನುವ ಉಮಾಸ್ವಾಮಿಗಳ ಅಳತೆಯಲ್ಲಿ ನಾನು ಎರಡನೆಯದೇ ಎನ್ನುತ್ತೇನೆ. ಮಬ್ಬನ್ನೇ ಚಂದವೆಂದು ಹಳೆಯ ಫಿಲಂ ಅರಸುವವರಿಗೂ ಇದೇ ಮಾತು. ಆಕಸ್ಮಿಕದ ಮೇಲೂ ಲೋಭ ಹುಟ್ಟಬಲ್ಲದು.

ಬೇಡ ಎಂದು ಕೈ ಅಡ್ಡ ಹಿಡಿದವರ ಫ್ರೇಮೂ ಉಳಿದವುಗಳ ಜೊತೆಗೇ ಡೆವಲಪ್ ಆಗಿ ಬರುತ್ತದೆ, ಒಂದನ್ನು ಬಿಟ್ಟು ತೊಳೆಯಲು ಬರುವುದಿಲ್ಲ. ಅಂಥವನ್ನು ನಾನು ಫಾರ್ಮರ್ಸ್ ರೆಡ್ಯೂಸರ್‌ನಲ್ಲಿ ಅಳಿಸುತ್ತೇನೆ. ಪೊಟ್ಯಾಸಿಯಂ ಫೆರಿಸಯನೈಡಿಗೆ ಹೈಪೋ ಬೆರೆಸಿದ ಹಳದಿ ನೀರು. ಒದ್ದೆ ನೆಗೆಟಿವ್ ಮೇಲೆ ಕುಂಚದಿಂದ ಸವರುತ್ತಾ ಹೋದರೆ ಬೆಳ್ಳಿ ಕರಗಿ ಪಟ್ಟಿ ಬೋಳಾಗುತ್ತದೆ. ಇದನ್ನು ಸ್ವಾಧ್ಯಾಯದಲ್ಲಿ ಪಕ್ಕ ಕೂರುವ ಜವಳಿ ಅಂಗಡಿಯ ಹಿರಿಯರಿಗೆ ಒಮ್ಮೆ ಹೇಳಿದೆ.

‘ಅಳಿಸಿದ್ದು ಅವರಿಗೆ ಗೊತ್ತೇನ್ರೀ?’ ಎಂದರು.

‘ಹೇಗೆ ಗೊತ್ತಾಗ್ಬೇಕು?’

‘ಮೊಬೈಲಾಗಿದ್ರೆ ಅವರ ಕಣ್ಣೆದುರಿಗೇ ಅಳಿಸಬಹುದಿತ್ತು. ಈ ಹಳೇ ಡಬ್ಬ ಯಾಕೆ ಹಿಡ್ಕೊಂಡಿದ್ದೀರಿ ಮತ್ತೆ?’

ಇಷ್ಟ, ಅದಕ್ಕೆ ಎಂದೆ. ಬೇರೆ ಉತ್ತರ ನನ್ನಲ್ಲಿ ಇರಲಿಲ್ಲ. ಚಾವುಂಡರಾಯನಿಗಾಗಿ ನೇಮಿಚಂದ್ರಾಚಾರ್ಯರು ಬರೆದ ಗೊಮ್ಮಟಸಾರದಲ್ಲಿ ಹದಿನೈದು ಪ್ರಮಾದಗಳ ಪಟ್ಟಿಯಿದೆ: ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ, ಪ್ರಣಯ ಅಂದರೆ ಒಲವು. ಹಿರಿಯರು ಅದನ್ನು ಬೆರಳು ಮಡಚುತ್ತಾ ಹೇಳಿ, ಇಂದ್ರಿಯದಲ್ಲಿ ಕಣ್ಣಿಗೆ ಬಂದಾಗ ಒಮ್ಮೆ, ಕೊನೆಯ ಪ್ರಣಯಕ್ಕೆ ಬಂದಾಗ ಇನ್ನೊಮ್ಮೆ ನನ್ನ ಮುಖ ನೋಡಿದರು. ಅವರ ಅಂಗಡಿಯಲ್ಲಿ ರೇಷ್ಮೆ ಸೀರೆಯೂ ಮಾರುತ್ತಾರೆ. ಗೂಡಿನೊಳಗಿನ ಹುಳುವಿನ ಮಾತನ್ನು ನಾನು ಇನ್ನೂ ಎತ್ತಿಲ್ಲ.